ಡೈರಿ ಮುಂದೆ ಒಂದು ಬಿಪಿ ಮಷಿನ್: ಊರಿನ ಗಂಡಸರಿಗೆ ಆರೋಗ್ಯದ ತಿಳಿವಳಿಕೆ ಮುಟ್ಟಿಸುವುದು ಹೇಗೆ?

ಯುವಕ ಸಂಘದವರು, ಪಂಚಾಯಿತಿ ಸದಸ್ಯರು, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ಊರಿಗೆ ಏನಾದರೂ ಮಾಡಬೇಕು ಅನ್ನುವವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ನಮ್ಮೂರಲ್ಲಿ ಆರೋಗ್ಯ ಶಿಬಿರ ಮಾಡಿಸಿದ್ವಿ. ಹೆಂಗಸರು ಬಂದರು, ಮಕ್ಕಳು ಬಂದರು, ವಯಸ್ಸಾದವರು ಬಂದರು. ಮೂವತ್ತರಿಂದ ಅರವತ್ತರ ಗಂಡಸರು ಮಾತ್ರ ಈ ಕಡೆ ತಲೆ ಹಾಕಲಿಲ್ಲ. ಏನು ಮಾಡೋದು?"

ನನ್ನ ಉತ್ತರ: ಶಿಬಿರದ ಆಸೆ ಬಿಡಿ. ಗಂಡಸರು ದಿನಾ ಎಲ್ಲಿ ನಿಲ್ಲುತ್ತಾರೋ ಅಲ್ಲಿಗೆ ನೀವೇ ಹೋಗಿ. ಭಾಷಣಕ್ಕಿಂತ ಮೊದಲು ಬಿಪಿ ನೋಡಿ. ಯಾರಿಗೆ ಬಿಪಿ ಜಾಸ್ತಿ ಬಂತೋ ಅವರ ಕೈಗೆ ಮಾತ್ರೆ ಸೇರುವ ತನಕ ಬೆನ್ನು ಬಿಡಬೇಡಿ. ಈ ಕೊನೆಯದನ್ನು ಮಾಡುವವರು ತೀರಾ ಕಡಿಮೆ. ಅದಕ್ಕೇ ಈ ಲೇಖನದಲ್ಲಿ ಅದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಗಂಡಸರು ಯಾಕೆ ತಪ್ಪಿಸಿಕೊಳ್ಳುತ್ತಾರೆ ಅನ್ನುವುದಕ್ಕೆ ಅವರ ಉದಾಸೀನವೊಂದೇ ಕಾರಣ ಅಲ್ಲ. ಊರಿನ ಆರೋಗ್ಯ ವ್ಯವಸ್ಥೆ ಕಟ್ಟಿರುವುದೇ ತಾಯಿ ಮತ್ತು ಮಗುವಿನ ಸುತ್ತ. ತಾಯಿ ಕಾರ್ಡು, ಲಸಿಕೆ, ಅಂಗನವಾಡಿ, ಹೆರಿಗೆ. ಅದು ಬೇಕಾದದ್ದೇ, ತಪ್ಪೇನಿಲ್ಲ. ಆದರೆ ಗಂಡಸಿಗೆ ಆ ಬಾಗಿಲಿಗೆ ಹೋಗುವ ಕಾರಣವೇ ಸಿಗುವುದಿಲ್ಲ. ಉಪಕೇಂದ್ರ ತೆರೆದಿರುವ ಹೊತ್ತಿಗೆ ಆತ ಹೊಲದಲ್ಲೋ ಗಾರೆ ಕೆಲಸದಲ್ಲೋ ಇರುತ್ತಾನೆ. ಆಶಾ ಅಕ್ಕ ಮನೆಗೆ ಬರುವುದೂ ಹಗಲು ಹೊತ್ತಲ್ಲೇ. ಎದುರಿಗೆ ಸಿಕ್ಕರೂ ಕೆಲವು ವಿಷಯಗಳನ್ನು ಆಕೆ ಕೇಳಲು, ಈತ ಹೇಳಲು ಇಬ್ಬರಿಗೂ ಮುಜುಗರ.

ಮುಂದೆ ಬರುವುದು ಸುಮಾರು ಸಾವಿರದಿಂದ ಮೂರು ಸಾವಿರ ಜನ ಇರುವ ಊರಿಗೆ ಹೊಂದುವ ಕ್ರಮ.

ಮೊದಲು ಕೈಯಲ್ಲಿ ಇರಬೇಕಾದದ್ದು

ತೋಳಿಗೆ ಕಟ್ಟುವ ಡಿಜಿಟಲ್ ಬಿಪಿ ಮಷಿನ್ ಒಂದು. ಮಣಿಕಟ್ಟಿಗೆ ಕಟ್ಟುವುದು ಬೇಡ, ಅದರ ಲೆಕ್ಕ ಏರುಪೇರಾಗುವುದು ಜಾಸ್ತಿ. ತೋಳು ದಪ್ಪ ಇರುವವರಿಗೆ ದೊಡ್ಡ ಪಟ್ಟಿ ಬೇಕಾಗುತ್ತದೆ. ಅದನ್ನೂ ಕೊಂಡಿಟ್ಟುಕೊಳ್ಳಿ. ಜೊತೆಗೆ ಹೊಟ್ಟೆ ಸುತ್ತಳತೆಗೆ ಟೇಪು, ಬಾಯಿ ನೋಡಲು ಟಾರ್ಚು, ಬೆನ್ನು ಒರಗಿಸುವಂಥ ಎರಡು ಕುರ್ಚಿ, ಒಂದು ಮೇಜು, ಒಂದು ನೋಟ್ ಪುಸ್ತಕ. ಇಷ್ಟೇ.

ಶುಗರ್ ನೋಡುವ ಮಷಿನ್ ನೀವು ಕೊಳ್ಳಬೇಡಿ. ಬೆರಳು ಚುಚ್ಚಿ ರಕ್ತ ತೆಗೆಯುವ ಕೆಲಸ ತರಬೇತಿ ಇದ್ದವರದು. ಒಂದೇ ಸೂಜಿ ಇಬ್ಬರಿಗೆ ತಾಗಿದರೆ ದೊಡ್ಡ ಅನಾಹುತ. ಬಳಸಿದ ಸೂಜಿಯನ್ನು ಚರಂಡಿಗೆ ಎಸೆಯುವ ಹಾಗೂ ಇಲ್ಲ. ಅದನ್ನು ಆರೋಗ್ಯ ಇಲಾಖೆಯವರಿಗೇ ಬಿಡಿ.

ಹಂತ 1: ಊರಿನ ಗಂಡಸರು ಯಾವ ಹೊತ್ತಿಗೆ ಎಲ್ಲಿರುತ್ತಾರೆ?

ಒಂದು ವಾರ ಸುಮ್ನೆ ನೋಡಿ, ಬರೆದುಕೊಳ್ಳಿ. ಹಳೇ ಮೈಸೂರು ಕಡೆ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಹಾಲಿನ ಡೈರಿ ಮುಂದೆ ಸಾಲು ಇರುತ್ತದೆ. ಬಯಲುಸೀಮೆಯಲ್ಲಿ ಸಂತೆ ದಿನ, ಬಸ್ ಸ್ಟ್ಯಾಂಡಿನ ಚಹಾ ಅಂಗಡಿ. ಕಬ್ಬಿನ ಸೀಮೆಯಲ್ಲಿ ಕಡಿಯುವ ಗ್ಯಾಂಗಿನ ಬಿಡಾರ. ಮಲೆನಾಡಲ್ಲಿ ಸೊಸೈಟಿ, ಅಡಿಕೆ ಸುಲಿಯುವ ಚಪ್ಪರ. ಎಲ್ಲ ಕಡೆಗೂ ಹೊಂದುವುದು ಕಟಿಂಗ್ ಶಾಪು, ಟ್ರ್ಯಾಕ್ಟರ್ ಗ್ಯಾರೇಜು, ಆಟೋ ಸ್ಟ್ಯಾಂಡು, ಉದ್ಯೋಗ ಖಾತ್ರಿ ಕೆಲಸದ ಜಾಗ, ಭಜನೆ ಮನೆ.

ಇಲ್ಲಿ ಒಂದು ಎಚ್ಚರಿಕೆ. ಅರಳಿಕಟ್ಟೆ, ದೇವಸ್ಥಾನದ ಅಂಗಳ ಅಂದರೆ ಊರಿನ ಎಲ್ಲರಿಗೂ ಸೇರಿದ ಜಾಗ ಅಂತ ನಿಮಗೆ ಅನ್ನಿಸಬಹುದು. ಎಲ್ಲ ಕೇರಿಯವರೂ ಅಲ್ಲಿ ಸಲೀಸಾಗಿ ಕೂರುತ್ತಾರಾ, ನೋಡಿ. ದಲಿತರಿಗೆ ಕಟಿಂಗ್ ಮಾಡದ ಅಂಗಡಿಗಳು ಇನ್ನೂ ಇವೆ. ಅಂಥ ಅಂಗಡಿಯಲ್ಲಿ ನೀವು ಮಷಿನ್ ಇಟ್ಟರೆ ನಿಮ್ಮ ಕೆಲಸವೂ ಆ ಸಾಲಿಗೇ ಸೇರುತ್ತದೆ. ಡೈರಿ ಸ್ವಲ್ಪ ವಾಸಿ, ಆದರೆ ಹಸು ಇಲ್ಲದ ಕೂಲಿಯವರು ಅಲ್ಲಿಗೆ ಬರುವುದಿಲ್ಲ. ಹಾಗಾಗಿ ಒಂದೇ ಜಾಗ ಸಾಲದು. ಕನಿಷ್ಠ ಎರಡು ಆರಿಸಿ. ಎರಡನೆಯದು ಕೂಲಿಯವರು ಬೆಳಿಗ್ಗೆ ಗಾಡಿ ಹತ್ತುವ ಜಾಗವಾಗಿರಲಿ.

ವೈನ್ ಶಾಪ್ ಮುಂದೆ ಬೇಡ. ಕುಡಿದವರ ಬಿಪಿ ನೋಡಿ ಉಪಯೋಗ ಇಲ್ಲ, ಜಗಳ ಬೇರೆ.

ಹಂತ 2: ಸರ್ಕಾರಿ ಆಸ್ಪತ್ರೆಯವರನ್ನು ಜೊತೆಗೆ ಹಾಕಿಕೊಳ್ಳಿ

ನಿಮ್ಮ ಊರಿಗೋ ಪಕ್ಕದ ಊರಿಗೋ ಒಂದು ಉಪಕೇಂದ್ರ ಇರುತ್ತದೆ. ಬಯಲು ಪ್ರದೇಶದಲ್ಲಿ ಸುಮಾರು 5,000 ಜನಕ್ಕೆ, ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಅಂತ ಲೆಕ್ಕ. ಈಗ ಬಹಳ ಕಡೆ ಅದರ ಮೇಲೆ 'ಆಯುಷ್ಮಾನ್ ಆರೋಗ್ಯ ಮಂದಿರ' ಅಂತ ಬೋರ್ಡ್ ಇದೆ. ಅಲ್ಲಿ ಕೂರುವವರು ಸಮುದಾಯ ಆರೋಗ್ಯ ಅಧಿಕಾರಿ. ಊರವರ ಬಾಯಲ್ಲಿ ಸಿಎಚ್‌ಒ ಮೇಡಂ ಅಥವಾ ಸಿಎಚ್‌ಒ ಸರ್. ನಿಮಗೆ ಬೇಕಾದ ಮೊದಲ ವ್ಯಕ್ತಿ ಇವರೇ.

ಇವರಿಗೂ ನೀವು ಬೇಕು. 30 ದಾಟಿದ ಪ್ರತಿಯೊಬ್ಬರ ಬಿಪಿ, ಶುಗರ್, ಬಾಯಿ ನೋಡಿ ದಾಖಲು ಮಾಡುವುದು ಅವರ ಕೆಲಸದ ಭಾಗ. ಪಟ್ಟಿಯಲ್ಲಿ ಉಳಿದುಹೋಗುವ ಹೆಸರುಗಳು ಹೆಚ್ಚಾಗಿ ಗಂಡಸರದ್ದೇ. "ಮೇಡಂ, ಗಂಡಸರನ್ನ ನಾವು ಕೂರಿಸ್ತೀವಿ, ತಿಂಗಳಿಗೆ ಒಂದು ದಿನ ಬೆಳಿಗ್ಗೆ ಏಳಕ್ಕೆ ನೀವು ಬನ್ನಿ" ಅಂತ ಕೇಳಿ ನೋಡಿ. 2024ರಲ್ಲಿ ಕೋಲಾರದಿಂದ ಶುರುವಾದ 'ಗೃಹ ಆರೋಗ್ಯ' ಯೋಜನೆಯಲ್ಲೂ ಮನೆ ಮನೆಗೆ ಹೋಗಿ ಇದೇ ತಪಾಸಣೆ ಮಾಡುತ್ತಾರೆ. ನಿಮ್ಮ ಊರಿಗೆ ತಂಡ ಬರುವ ದಿನ ಕೇಳಿಟ್ಟುಕೊಳ್ಳಿ.

ನಂತರ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಒಂದು ಪತ್ರ ಕೊಡಿ. ನೀವು ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಅಂತ ಅರ್ಧ ಪುಟ ಸಾಕು. 'ಮಾತ್ರೆ ಕೊಡುವುದಿಲ್ಲ, ರಕ್ತ ತೆಗೆಯುವುದಿಲ್ಲ' ಅನ್ನುವುದನ್ನು ಕಾಣುವ ಹಾಗೆ ಬರೆಯಿರಿ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಅಂತ ಪ್ರತಿ ಊರಲ್ಲೂ ಇರಬೇಕು. ಕಾಗದದ ಮೇಲಂತೂ ಇರುತ್ತದೆ. ವರ್ಷಕ್ಕೆ 10,000 ರೂಪಾಯಿವರೆಗೆ ಖರ್ಚು ಮಾಡುವ ಅವಕಾಶ ಅದಕ್ಕಿದೆ. ಮಷಿನ್, ಕುರ್ಚಿಗೆ ಅಲ್ಲಿಂದ ಆಗುತ್ತಾ ಅಂತ ಸಭೆಯಲ್ಲಿ ಕೇಳಿ.

ಆಶಾ ಅಕ್ಕನ ತಲೆ ಮೇಲೆ ಈ ಕೆಲಸ ಹೊರಿಸಬೇಡಿ. ಅವರ ಗೌರವಧನ ಎಷ್ಟು, ಕೆಲಸ ಎಷ್ಟು ಅಂತ ನಿಮಗೂ ಗೊತ್ತು. ಅವರಿಂದ ಕೇಳಬೇಕಾದದ್ದು ಒಂದೇ: ಯಾವ ಮನೆಯಲ್ಲಿ ಯಾರಿಗೆ ಈಗಾಗಲೇ ಬಿಪಿ, ಶುಗರ್ ಇದೆ, ಯಾರು ಮಾತ್ರೆ ಬಿಟ್ಟಿದ್ದಾರೆ. ಅದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಊರಲ್ಲಿ ಇನ್ನೊಬ್ಬರಿಲ್ಲ.

ಹಂತ 3: ಮೂರು ಜನರನ್ನು ಆರಿಸಿ

ಅಧ್ಯಕ್ಷರು, ಉಪಾಧ್ಯಕ್ಷರು ಬೇಡ. ಎಲ್ಲರ ಜೊತೆ ಬೆರೆಯುವ, ಗುಟ್ಟು ಕಾಯುವ ಮೂವರು ಸಾಕು. ಬೇರೆ ಬೇರೆ ಕೇರಿಯವರಾಗಿರಲಿ. ಒಬ್ಬರು ಡೈರಿ ಕಾರ್ಯದರ್ಶಿಯೋ ಕಟಿಂಗ್ ಶಾಪಿನವರೋ ಆಗಿದ್ದರೆ ಅರ್ಧ ಕೆಲಸ ಆದಂತೆ. ಇನ್ನೊಬ್ಬರು ತಾವೇ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿರುವವರಾದರೆ ತುಂಬಾ ಒಳ್ಳೆಯದು. "ನಾನೂ ತಗೋತೀನಿ ಕಣೋ, ಏನೂ ಆಗಿಲ್ಲ" ಅನ್ನುವ ಮಾತಿಗೆ ಡಾಕ್ಟರ ಭಾಷಣಕ್ಕಿಂತ ತೂಕ ಜಾಸ್ತಿ.

ಸಿಎಚ್‌ಒ ಹತ್ತಿರ ಎರಡು ಮಧ್ಯಾಹ್ನ ಕೂತು ಬಿಪಿ ನೋಡುವುದನ್ನು, ಬಾಯಿಯಲ್ಲಿ ಏನನ್ನು ಗಮನಿಸಬೇಕು ಅನ್ನುವುದನ್ನು ಕಲಿಯಿರಿ.

ಹಂತ 4: ಬಿಪಿ ಸರಿಯಾಗಿ ನೋಡಿ

ಹೆಚ್ಚು ಎಡವಟ್ಟಾಗುವುದು ಇಲ್ಲೇ. ಹಾಲಿನ ಕ್ಯಾನು ಹೊತ್ತು ಬಂದವನನ್ನು ನಿಲ್ಲಿಸಿಕೊಂಡೇ ಪಟ್ಟಿ ಕಟ್ಟಿದರೆ ಬಿಪಿ ಜಾಸ್ತಿ ಬಂದೇ ಬರುತ್ತದೆ. ಆತ ಹೆದರುತ್ತಾನೆ. ಮುಂದೆ ಆಸ್ಪತ್ರೆಯಲ್ಲಿ ಸರಿಯಾಗಿ ನೋಡಿದಾಗ ನಾರ್ಮಲ್ ಬಂತು ಅಂದರೆ ನಿಮ್ಮ ಮಾತಿಗೆ ಬೆಲೆ ಹೋಯಿತು.

ಮೊದಲು ಹಾಲು ಹಾಕಿ ಬರಲಿ. ಆಮೇಲೆ ಐದು ನಿಮಿಷ ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂರಲಿ. ಅರ್ಧ ಗಂಟೆ ಮುಂಚೆ ಬೀಡಿ, ಗುಟ್ಕಾ, ಕಾಫಿ, ಟೀ ಆಗಿರಬಾರದು. ಮೂತ್ರ ಬಂದಿದ್ದರೆ ಹೋಗಿ ಬರಲಿ. ಎರಡೂ ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ. ತೋಳು ಬರಿದಾಗಿರಲಿ, ಶರ್ಟಿನ ಮೇಲೆ ಪಟ್ಟಿ ಕಟ್ಟಬೇಡಿ. ಕೈ ಮೇಜಿನ ಮೇಲೆ, ಎದೆಯ ಮಟ್ಟದಲ್ಲಿ. ಮಷಿನ್ ಓಡುವಾಗ ಮಾತು ಬೇಡ, ಮೊಬೈಲ್ ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ.

ಮೇಲಿನ ಅಂಕಿ 140 ಅಥವಾ ಕೆಳಗಿನದು 90, ಇವುಗಳಲ್ಲಿ ಒಂದು ಮುಟ್ಟಿದರೂ 'ಇನ್ನೊಂದು ದಿನ ಮತ್ತೆ ನೋಡೋಣ' ಅನ್ನಿ. "ನಿಮಗೆ ಬಿಪಿ ಇದೆ" ಅಂತ ನೀವು ತೀರ್ಪು ಕೊಡಬೇಡಿ, ಅದು ಡಾಕ್ಟರ ಕೆಲಸ. 180 ಅಥವಾ 120 ಮುಟ್ಟಿದರೆ ಅದೇ ದಿನ ಆಸ್ಪತ್ರೆ. ಅದರ ಜೊತೆಗೆ ಎದೆ ನೋವು, ಉಸಿರಾಟದ ತೊಂದರೆ, ಕಣ್ಣು ಮಂಜು, ಜೋರು ತಲೆನೋವು ಇದ್ದರೆ ತಡಮಾಡದೆ 108.

ಶುಗರ್ ಅನ್ನು ಸಿಎಚ್‌ಒ ಬಂದ ದಿನ ಅವರೇ ನೋಡುತ್ತಾರೆ. ಊಟದ ಹೊತ್ತು ಲೆಕ್ಕಿಸದೆ ನೋಡಿದಾಗ 140 ದಾಟಿದರೆ ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ. ಖಾಲಿ ಹೊಟ್ಟೆಯಲ್ಲಿ 126 ಮತ್ತು ಅದಕ್ಕಿಂತ ಜಾಸ್ತಿ ಬಂದರೆ ಸಕ್ಕರೆ ಕಾಯಿಲೆ ಅಂತ ಅನುಮಾನಿಸಿ ಖಚಿತ ಮಾಡಿಕೊಳ್ಳುತ್ತಾರೆ. "ನಾವು ಮುದ್ದೆ ತಿನ್ನೋರು, ನಮಗೆ ಶುಗರ್ ಬರಲ್ಲ" ಅನ್ನುವ ಮಾತು ನಿಮಗೆ ಖಂಡಿತ ಸಿಗುತ್ತದೆ. ರಾಗಿ ಒಳ್ಳೆಯದೇ. ಆದರೆ ಎರಡು ದೊಡ್ಡ ಮುದ್ದೆಯ ಮೇಲೆ ಅನ್ನ ಬೇರೆ ತಿಂದರೆ ರಕ್ತದಲ್ಲಿ ಸಕ್ಕರೆ ಏರದೆ ಇರುತ್ತಾ?

ಹಂತ 5: ತಿಂಗಳಿಗೆ ಒಂದೇ ವಿಷಯ, ಐದೇ ನಿಮಿಷ

ಕುರ್ಚಿಯಲ್ಲಿ ಐದು ನಿಮಿಷ ಕೂರಿಸಿದ್ದೀರಲ್ಲ, ನಿಮ್ಮ ತರಗತಿ ಅದೇ. ಆ ಹೊತ್ತಲ್ಲಿ ಆತನಿಂದ ಮಾತು ಬೇಡ, ಕೇಳಿಸಿಕೊಂಡು ಕೂತರೆ ಸಾಕು. ಪೋಸ್ಟರು, ಮೈಕು ಏನೂ ಬೇಡ. ತಿಂಗಳಿಗೆ ಒಂದು ವಿಷಯ ಇಟ್ಟುಕೊಂಡು ಎಲ್ಲರಿಗೂ ಅದನ್ನೇ ಹೇಳಿ. ನಾನು ಈ ಕ್ರಮದಲ್ಲಿ ಹೋಗುತ್ತೇನೆ.

ಮೊದಲು *ಎದೆ ನೋವು ಮತ್ತು ಲಕ್ವಾ*. ಎದೆ ಒತ್ತಿದಂತಾಗಿ, ಬೆವರಿ, ನೋವು ಎಡಗೈಗೋ ದವಡೆಗೋ ಹರಿದರೆ ನಮ್ಮ ಗಂಡಸರು ಹೇಳುವ ಮೊದಲ ಮಾತು "ಗ್ಯಾಸ್ಟ್ರಿಕ್". ಸೋಡಾ ಕುಡಿದು ಮಲಗುತ್ತಾರೆ. ಇದನ್ನು ಬಿಡಿಸಿದರೆ ಒಂದು ವರ್ಷದ ಶ್ರಮ ಸಾರ್ಥಕ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೃದಯದ ರಕ್ತನಾಳದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿನಲ್ಲಿ ಇದು ನಡೆಯುತ್ತಿದೆಯಾ ಅಂತ ಮೊದಲೇ ವಿಚಾರಿಸಿ, ಆಮೇಲೆ ಊರವರಿಗೆ ಹೇಳಿ. ಲಕ್ವಾಗೆ ಗುರುತು ಮೂರು: ಮುಖ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು. ಇದಕ್ಕೆ ಹೆಪ್ಪು ಕರಗಿಸುವ ಮದ್ದು ಕೆಲಸ ಮಾಡುವುದು ಸುಮಾರು ನಾಲ್ಕೂವರೆ ಗಂಟೆಯ ಒಳಗೆ. ನಾಟಿ ಎಣ್ಣೆ ತಿಕ್ಕಿಸಲು ಹೋದರೆ ಆ ಹೊತ್ತು ಕಳೆದೇ ಹೋಗುತ್ತದೆ.

ಹೇಳುವಾಗ ಹೆದರಿಸಬೇಡಿ. 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಎಷ್ಟು ಉದ್ದದ ಸಾಲು ನಿಂತಿತ್ತು ಅಂತ ನೆನಪಿದೆ ಅಲ್ವಾ? ಅಂಥ ಭಯ ನಾಲ್ಕು ದಿನ ಇರುತ್ತದೆ. ಬೀಡಿ ಮಾತ್ರ ಜೇಬಲ್ಲೇ ಇರುತ್ತದೆ.

ಎರಡನೆಯದು *ಬಾಯಿ*. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ ಗಂಡಸರು ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. 2013ರಲ್ಲೇ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಯಿತು. ಆಮೇಲೆ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ, ಬೆರೆಸಿಕೊಳ್ಳುವುದು ಅಂಗೈಯಲ್ಲಿ. ಟಾರ್ಚು ಹಾಕಿ ನೋಡಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಆದರೂ ಮಾಯದ ಹುಣ್ಣು, ಕುತ್ತಿಗೆಯಲ್ಲಿ ಗಂಟು, ಖಾರ ತಿಂದರೆ ಉರಿ. ಬಾಯಿ ತೆರೆಸಿ, ಆತನದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಒಳಗೆ ಹೋಗುತ್ತಾ ನೋಡಲು ಹೇಳಿ. ಹೋಗದಿದ್ದರೆ ದಂತ ವೈದ್ಯರಿಗೆ ತೋರಿಸಲೇಬೇಕು. ಈ ಬೆರಳಿನ ಪರೀಕ್ಷೆ ಗಂಡಸರಿಗೆ ಒಂಥರಾ ಆಟ. ಒಬ್ಬ ಮಾಡಿದರೆ ಹತ್ತು ಜನ ಮಾಡಿ ನೋಡುತ್ತಾರೆ.

ಅಡಿಕೆ ಬೆಳೆಯುವ ಊರಲ್ಲಿ ಇನ್ನೊಂದು ಕಷ್ಟ ಇದೆ. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ತೋಟದವರ ಮುಂದೆ ಇದನ್ನು ಹೇಳಿದರೆ ಬೈಗುಳ ಖಾತ್ರಿ. ನನ್ನ ಸಲಹೆ, ಬೆಳೆಯ ವಾದಕ್ಕೆ ಹೋಗಬೇಡಿ, ಬಾಯಿ ನೋಡಿ. ಬಾಯಿ ತೆರೆಯಲು ಆಗದವನಿಗೆ ಮಾತ್ರ ಪಕ್ಕಕ್ಕೆ ಕರೆದು ಹೇಳಿ. ಬಿಡಬೇಕು ಅನ್ನುವವರಿಗೆ ಉಚಿತ ಸಹಾಯವಾಣಿ ಇದೆ: 1800-11-2356.

ಮೂರನೆಯದು *ಔಷಧಿ ಹೊಡೆಯುವುದು*. ಹೊಲಕ್ಕೆ ಹೊಡೆಯುವ ಔಷಧಿ ಅಂದರೆ ವಿಷ. ಡಬ್ಬದ ಮೇಲಿನ ಬಣ್ಣದ ಗುರುತು ತೋರಿಸಿ. ಕೆಂಪು ಅಂದರೆ ಅತಿ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಗಾಳಿ ಯಾವ ಕಡೆಯಿಂದ ಬರುತ್ತದೋ ಆ ಕಡೆಗೆ ಬೆನ್ನು ಇರಲಿ. ತುಂಬು ತೋಳಿನ ಅಂಗಿ, ಕೈಗವಸು ಇರಲಿ. ಹೊಡೆಯುವಾಗ ಬೀಡಿ, ಗುಟ್ಕಾ ಬೇಡ, ಕೈಯಲ್ಲಿದ್ದ ವಿಷ ನೇರ ಬಾಯಿಗೆ ಹೋಗುತ್ತದೆ. ತಲೆ ಸುತ್ತು, ವಾಂತಿ, ಜೊಲ್ಲು, ಬೆವರು ಬಂದರೆ ಬಟ್ಟೆ ಬಿಚ್ಚಿಸಿ, ಸೋಪು ಹಾಕಿ ಮೈ ತೊಳೆಸಿ, ಆಸ್ಪತ್ರೆಗೆ ಹೋಗುವಾಗ ಡಬ್ಬವನ್ನೂ ತೆಗೆದುಕೊಂಡು ಹೋಗಿ. ಡಾಕ್ಟರಿಗೆ ಮೊದಲು ಬೇಕಾಗುವುದು ಅದೇ.

ಹಾವಿನ ಕಡಿತ ಮಳೆಗಾಲಕ್ಕೆ ಮುಂಚೆ ಹೇಳುವ ವಿಷಯ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ. ಕೈ ಕಾಲು ಅಲುಗಾಡದಂತೆ ಇಟ್ಟು ಆಸ್ಪತ್ರೆಗೆ ಹೋಗಿ. ಕಟ್ಟು ಹಾವು ರಾತ್ರಿ, ಕೆಳಗೆ ಮಲಗಿದವರನ್ನು ಕಚ್ಚುತ್ತದೆ. ನೋವು, ಊತ ಅಷ್ಟಾಗಿ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆ ನೋವು, ರೆಪ್ಪೆ ಭಾರ ಅಂತ ಎದ್ದರೆ ಅನುಮಾನಿಸಿ. ತೋಟದ ಮನೆಯಲ್ಲಿ ಮಲಗುವವರಿಗೆ ಮಂಚ, ಸೊಳ್ಳೆ ಪರದೆ ಎರಡೂ ಬೇಕು. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ವಿಷಕ್ಕೆ ಮದ್ದು ಸದಾ ಇರುತ್ತದೆ ಅಂತ ಮೊದಲೇ ಕೇಳಿ, ಡೈರಿ ಗೋಡೆ ಮೇಲೆ ಬರೆಸಿ.

ಕೆಮ್ಮಿನ ಬಗ್ಗೆ ಒಂದೇ ಸಾಲು ಸಾಕು: ಎರಡು ವಾರ ದಾಟಿದರೆ ಕಫ ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಕ್ಷಯ ಅಂತ ಗೊತ್ತಾದರೆ ಮಾತ್ರೆಯೂ ಉಚಿತ, ಚಿಕಿತ್ಸೆ ಮುಗಿಯುವ ತನಕ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ.

ಹಂತ 6: ಹತ್ತು ಜನರ ಎದುರು ಕೇಳಲಾಗದ ವಿಷಯಗಳು

ಬಸ್ ಸ್ಟ್ಯಾಂಡಿನ ಗೋಡೆ ತುಂಬಾ 'ಗುಪ್ತರೋಗ ತಜ್ಞರು' ಅನ್ನುವ ಚೀಟಿ ಇರುತ್ತವಲ್ಲ, ಅವರ ಅಂಗಡಿ ನಡೆಯುವುದೇ ಗಂಡಸರು ಬೇರೆ ಕಡೆ ಬಾಯಿ ಬಿಡಲಾರರು ಅನ್ನುವ ಕಾರಣಕ್ಕೆ. 'ಧಾತು ಹೋಗುತ್ತೆ, ನರ ವೀಕ್ ಆಗಿದೆ' ಅಂತ ಸಾವಿರಗಟ್ಟಲೆ ಕಳೆದುಕೊಂಡವರು ಪ್ರತಿ ಊರಲ್ಲೂ ಇದ್ದಾರೆ.

ಕಟಿಂಗ್ ಶಾಪಿನಲ್ಲಿ ಬೀಗ ಹಾಕಿದ ಒಂದು ಡಬ್ಬ ಇಡಿ. ಹೆಸರಿಲ್ಲದೆ ಪ್ರಶ್ನೆ ಬರೆದು ಹಾಕಲಿ. ಓದು ಬಾರದವರಿಗೆ ನಿಮ್ಮ ಮೂವರಲ್ಲಿ ಒಬ್ಬರ ಫೋನ್ ನಂಬರ್ ಇರಲಿ. ತಿಂಗಳಿಗೊಮ್ಮೆ ವೈದ್ಯಾಧಿಕಾರಿಯ ಹತ್ತಿರ ಉತ್ತರ ಬರೆಸಿಕೊಂಡು ಬಂದು, ಯಾರ ಪ್ರಶ್ನೆ ಅಂತ ಗೊತ್ತಾಗದ ಹಾಗೆ ಹೇಳಿ. ನಿದ್ದೆಯಲ್ಲಿ ವೀರ್ಯ ಹೋಗುವುದು ಕಾಯಿಲೆ ಅಲ್ಲ ಅನ್ನುವ ಒಂದು ಉತ್ತರಕ್ಕೇ ಎಷ್ಟೋ ಹುಡುಗರ ಎದೆ ಹಗುರ ಆಗುತ್ತದೆ. ಹುಣ್ಣು, ಕೀವು, ಉರಿ ಇದ್ದರೆ ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ಗೆ ಕಳಿಸಿ. ಎಚ್‌ಐವಿ ಬಗ್ಗೆ ಕೇಳಲು 1097ಕ್ಕೆ ಫೋನ್ ಮಾಡಬಹುದು.

ಸಂತಾನಹರಣ ಆಪರೇಶನ್ ಬಗ್ಗೆ ಮಾತಾಡದಿದ್ದರೆ ಗಂಡಸರ ಆರೋಗ್ಯ ಅನ್ನುವ ಹೆಸರಿಗೇ ಅರ್ಥ ಇಲ್ಲ. ಮೇಲೆ ಹೇಳಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ನಮ್ಮ ರಾಜ್ಯದ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಪರೇಶನ್ ಮಾಡಿಸಿಕೊಂಡಿದ್ದಾರೆ. ಗಂಡಸರ ಲೆಕ್ಕ ಸೊನ್ನೆಯ ಹತ್ತಿರ. ಗಂಡಸರದ್ದು ಹೊಲಿಗೆ ಇಲ್ಲದ, ಕಾಲು ಗಂಟೆಯಲ್ಲಿ ಮುಗಿದು ಅದೇ ದಿನ ಮನೆಗೆ ಬರುವ ಆಪರೇಶನ್. ಹೊಟ್ಟೆ ಕೊಯ್ಯುವುದೇ ಇಲ್ಲ. ಬಲವೂ ಕುಂದುವುದಿಲ್ಲ, ಸಂಸಾರಕ್ಕೂ ತೊಂದರೆ ಇಲ್ಲ. ಒಂದು ವಿಷಯ ಮಾತ್ರ ಒತ್ತಿ ಹೇಳಿ: ಮೊದಲ ಮೂರು ತಿಂಗಳು ನಿರೋಧ್ ಬಳಸಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಖಚಿತ ಮಾಡಿಕೊಳ್ಳಬೇಕು. ಇದನ್ನು ಹೇಳದೆ ಬಿಟ್ಟು, ನಡುವೆ ಹೆಂಡತಿ ಬಸಿರಾದರೆ ಅನುಮಾನ ಬೀಳುವುದು ಆ ಹೆಣ್ಣುಮಗಳ ಮೇಲೆ.

ಕುಡಿತದ ವಿಷಯದಲ್ಲಿ ಎರಡು ಎಚ್ಚರ. ದಿನಾ ಜಾಸ್ತಿ ಕುಡಿಯುವವನನ್ನು "ಇವತ್ತೇ ಬಿಡು" ಅಂತ ಕೂಡಿಹಾಕಬೇಡಿ. ಒಮ್ಮೆಲೇ ಬಿಟ್ಟರೆ ಕೈ ನಡುಕ, ಫಿಟ್ಸ್, ಬುದ್ಧಿಭ್ರಮಣೆ ಆಗಿ ಪ್ರಾಣಕ್ಕೇ ಕುತ್ತು ಬರಬಹುದು. ಡಾಕ್ಟರ ಕಣ್ಣ ಮುಂದೆ ಬಿಡಿಸಬೇಕು. ಎರಡನೆಯದು, ಗಂಡನಿಗೆ ಗೊತ್ತಾಗದ ಹಾಗೆ ಸಾರಿಗೆ ಬೆರೆಸುವ 'ಕುಡಿತ ಬಿಡಿಸುವ ಪುಡಿ'. ಅದರ ಮೇಲೆ ಕುಡಿದರೆ ಆಸ್ಪತ್ರೆ ಸೇರಬೇಕಾಗಬಹುದು.

ಸಾಲ, ಬೆಳೆ ಹಾಳು, ಮಾತು ಕಡಿಮೆ ಮಾಡಿದ ಮನುಷ್ಯ, ಇವು ಒಟ್ಟಿಗೆ ಕಂಡರೆ ನೇರವಾಗಿ ಕೇಳಿ: "ಸಾಯಬೇಕು ಅಂತ ಅನ್ನಿಸ್ತಿದೆಯಾ ಅಣ್ಣ?" ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ವಿಷದ ಡಬ್ಬ ಮನೆಯಿಂದ ದೂರ ಸಾಗಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಅವರ ಪಕ್ಕದಲ್ಲೇ ಕೂತು ಫೋನ್ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಹಗಲು ರಾತ್ರಿ ಇರುತ್ತದೆ.

ಹಂತ 7: ಆಸ್ಪತ್ರೆಗೆ ಸೇರಿಸಿ, ಮಾತ್ರೆ ನಿಲ್ಲದಂತೆ ನೋಡಿ

ಅಮೆರಿಕದ ಲಾಸ್ ಏಂಜಲೀಸ್‌ನ ಕಪ್ಪು ಜನರ ಕಟಿಂಗ್ ಶಾಪುಗಳಲ್ಲಿ ಒಂದು ಪ್ರಯೋಗ ಆಯಿತು, ಫಲಿತಾಂಶ 2018ರಲ್ಲಿ ಬಂತು. ಕೆಲವು ಅಂಗಡಿಗಳಲ್ಲಿ ಕಟಿಂಗ್ ಮಾಡುವವರು "ಡಾಕ್ಟರಿಗೆ ತೋರಿಸಿ" ಅಂತ ಬುದ್ಧಿ ಹೇಳಿದರು. ಇನ್ನು ಕೆಲವು ಅಂಗಡಿಗಳಿಗೆ ಔಷಧ ತಜ್ಞರೇ ಬಂದು ಅಲ್ಲೇ ಮಾತ್ರೆ ಶುರು ಮಾಡಿಸಿದರು. ಆರು ತಿಂಗಳಲ್ಲಿ ಬರೀ ಬುದ್ಧಿಮಾತು ಕೇಳಿದವರ ಮೇಲಿನ ಬಿಪಿ ಸರಾಸರಿ 9ರಷ್ಟು ಇಳಿದರೆ, ಮಾತ್ರೆ ಸಿಕ್ಕವರದ್ದು 27ರಷ್ಟು ಇಳಿಯಿತು. ಜಾಗ ಒಂದೇ ಥರದ್ದು, ಜನ ಒಂದೇ ಥರದವರು. ವ್ಯತ್ಯಾಸ ಮಾಡಿದ್ದು ಮಾತ್ರೆ.

ನಮ್ಮಲ್ಲಿ ಡೈರಿ ಮುಂದೆ ಮಾತ್ರೆ ಕೊಡಲು ನಿಮಗೆ ಅಧಿಕಾರ ಇಲ್ಲ. ಆದರೆ ದಾರಿ ಸುಲಭ ಮಾಡಬಹುದು. ಬಿಪಿ ಎರಡು ಸಲ ಜಾಸ್ತಿ ಬಂದವರನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಮೊದಲೇ ಮಾತಾಡಿಕೊಂಡ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನೀವೇ ಕರೆದುಕೊಂಡು ಹೋಗಿ. ಒಬ್ಬನೇ ಹೋಗು ಅಂದರೆ ಹೋಗುವುದಿಲ್ಲ. ನಾಲ್ಕು ಜನ ಅಂದರೆ ಅದೊಂದು ಹೊರಡುವ ನೆಪ. ಆಧಾರ್ ಕಾರ್ಡು, ಮೊಬೈಲ್ ಕೈಯಲ್ಲಿರಲಿ. ಅಲ್ಲಿ 'ಆಭಾ' ಅನ್ನುವ 14 ಅಂಕಿಯ ಆರೋಗ್ಯ ಸಂಖ್ಯೆ ಕೇಳುತ್ತಾರೆ. ಅದಕ್ಕೆ ಫೋನಿಗೆ ಒಟಿಪಿ ಬರಬೇಕು. ಮಗನ ಫೋನಿಗೆ ನಂಬರ್ ಜೋಡಿಸಿದ್ದು, ಮಗ ಬೆಂಗಳೂರಿನಲ್ಲಿದ್ದರೆ ಆ ದಿನದ ಕೆಲಸ ಅಲ್ಲಿಗೇ ನಿಂತಿತು. ಹೊರಡುವ ಮುಂಚೆ ವಿಚಾರಿಸಿ.

ಆಮೇಲಿನ ಗಂಡಾಂತರ ಮಾತ್ರೆ ಬಿಡುವುದು. ಎರಡು ತಿಂಗಳು ತಿಂದು, ಬಿಪಿ ಇಳಿದು, "ಈಗ ಸರಿ ಹೋಯ್ತಲ್ಲ" ಅಂತ ಬಿಡುತ್ತಾರೆ. ಇಳಿದಿರುವುದೇ ಮಾತ್ರೆಯಿಂದ ಅಂತ ಮತ್ತೆ ಮತ್ತೆ ಹೇಳಬೇಕು. "ಒಂದು ಸಲ ಶುರು ಮಾಡಿದ್ರೆ ಬಿಡೋಕಾಗಲ್ಲ" ಅನ್ನುವ ಭಯವೂ ಇದೆ. ಅದಕ್ಕೆ ಸುಳ್ಳು ಸಮಾಧಾನ ಬೇಡ. ಬಹಳ ಜನಕ್ಕೆ ಅದು ನಿಜವೇ. ಲಕ್ವಾ ಹೊಡೆದು ಹಾಸಿಗೆ ಹಿಡಿಯುವುದಕ್ಕಿಂತ ದಿನಕ್ಕೊಂದು ಮಾತ್ರೆ ವಾಸಿ ಅನ್ನಿ. ಉಪ್ಪು ದಿನಕ್ಕೆ ಎಲ್ಲ ಸೇರಿ ಒಂದು ಟೀ ಚಮಚ, ಅಂದರೆ 5 ಗ್ರಾಂ ದಾಟಬಾರದು. ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆಗೆ ಹಾಕುವ ಉಪ್ಪೂ ಈ ಲೆಕ್ಕಕ್ಕೆ ಸೇರಿತು. ಈ ಮಾತನ್ನು ಮನೆಯಲ್ಲಿ ಅಡುಗೆ ಮಾಡುವವರಿಗೂ ಹೇಳಿ.

ಸರ್ಕಾರಿ ಕೇಂದ್ರದಲ್ಲಿ ಮಾತ್ರೆ ಉಚಿತ, ಸಾಮಾನ್ಯವಾಗಿ ಒಂದು ತಿಂಗಳಿಗೆ ಆಗುವಷ್ಟು ಕೊಡುತ್ತಾರೆ. ಸ್ಟಾಕ್ ಇಲ್ಲದ ತಿಂಗಳೂ ಬರುತ್ತದೆ. ಹೋಗುವ ಮುಂಚೆ ಸಿಎಚ್‌ಒಗೆ ಫೋನ್ ಮಾಡಿ ಕೇಳಿ. ಕೂಲಿ ಬಿಟ್ಟು ಹೋದವನು ಬರಿಗೈಯಲ್ಲಿ ಬಂದರೆ ಎರಡನೇ ಸಲ ಹೊರಡುವುದಿಲ್ಲ.

ಹಂತ 8: ಪುಸ್ತಕ, ಫೋಟೋ, ಗುಟ್ಟು

ನೋಟ್ ಪುಸ್ತಕದಲ್ಲಿ ಹೆಸರು, ವಯಸ್ಸು, ಫೋನ್, ಎರಡು ಬಿಪಿ ಅಂಕಿ, ಮುಂದೆ ನೋಡಬೇಕಾದ ದಿನ ಇರಲಿ. ಅದನ್ನು ಡೈರಿ ಮೇಜಿನ ಮೇಲೆ ಬಿಟ್ಟು ಬರಬೇಡಿ. ವಾಟ್ಸಾಪ್ ಗುಂಪಿಗೆ ಯಾರ ಅಂಕಿಯನ್ನೂ ಹಾಕಬೇಡಿ. "ನಮ್ಮ ರಾಮಣ್ಣಂಗೆ 170 ಬಂತು" ಅಂತ ತಮಾಷೆಗೂ ಬೇಡ. ಮದುವೆಗೆ ಹುಡುಗಿ ನೋಡುತ್ತಿರುವವನ ಶುಗರ್ ಸುದ್ದಿ ಊರು ದಾಟಿದರೆ ಆಮೇಲೆ ನಿಮ್ಮ ಕುರ್ಚಿ ಖಾಲಿ.

ಫೋಟೋ ಬೇಕೇ ಬೇಕು ಅಂದರೆ ಮಷಿನ್, ಕುರ್ಚಿಯದ್ದು ತೆಗೆಯಿರಿ. ಚುನಾವಣೆ ಹತ್ತಿರ ಬಂದಾಗ ಬ್ಯಾನರ್ ಕಟ್ಟಿಕೊಡುತ್ತೇವೆ ಅನ್ನುವವರು ಬರುತ್ತಾರೆ, ನಗುತ್ತಲೇ ಬೇಡ ಅನ್ನಿ. ಖಾಸಗಿ ಆಸ್ಪತ್ರೆಯವರು ಉಚಿತ ಶಿಬಿರಕ್ಕೆ ಕೈ ಜೋಡಿಸುತ್ತೇವೆ ಅಂದಾಗ ಒಂದು ಪ್ರಶ್ನೆ ಕೇಳಿ: "ತೊಂದರೆ ಇದೆ ಅಂತ ಗೊತ್ತಾದವರನ್ನು ಎಲ್ಲಿಗೆ ಕಳಿಸ್ತೀರಿ?" ತಮ್ಮಲ್ಲಿಗೇ ಅಂದರೆ ಕೈ ಮುಗಿದು ಕಳಿಸಿ.

ಗುಳೆ ಹೋಗುವ ಊರುಗಳಿಗೆ ಬೇರೆ ಲೆಕ್ಕ

ರಾಯಚೂರು, ಯಾದಗಿರಿ ಕಡೆಯ ಎಷ್ಟೋ ಹಳ್ಳಿಗಳಲ್ಲಿ ವರ್ಷದ ಬಹುಭಾಗ ಗಂಡಸರೇ ಇರುವುದಿಲ್ಲ. ಬೆಂಗಳೂರು, ಪುಣೆ, ಮುಂಬೈಗೆ ಕಟ್ಟಡ ಕೆಲಸಕ್ಕೆ ಹೋಗಿರುತ್ತಾರೆ. ಅಲ್ಲಿ ತಿಂಗಳಿಗೊಮ್ಮೆ ಅನ್ನುವ ಲೆಕ್ಕ ನಡೆಯುವುದಿಲ್ಲ. ಯುಗಾದಿ, ಮೊಹರಂ, ಊರ ಜಾತ್ರೆಗೆ ಎಲ್ಲರೂ ಬರುತ್ತಾರೆ. ಆ ವಾರ ಪೂರ್ತಿ ಕುರ್ಚಿ ಹಾಕಿ. ಸಿಎಚ್‌ಒ, ವೈದ್ಯಾಧಿಕಾರಿ ಇಬ್ಬರಿಗೂ ತಿಂಗಳ ಮುಂಚೆಯೇ ಹೇಳಿಡಿ.

ಬಿಪಿ, ಶುಗರ್ ಇರುವವರು ಮತ್ತೆ ಹೊರಡುವಾಗ ಎರಡು ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಲು ಡಾಕ್ಟರನ್ನು ಕೇಳಿ. ಔಷಧಿ ಚೀಟಿಯ ಫೋಟೋ ಅವರ ಫೋನಲ್ಲೂ ಇರಲಿ, ಹೆಂಡತಿಯ ಫೋನಲ್ಲೂ ಇರಲಿ. ಆ ಚೀಟಿ ಮತ್ತು ಆಭಾ ಸಂಖ್ಯೆ ತೋರಿಸಿದರೆ ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ಚಿಕಿತ್ಸೆ ಮುಂದುವರಿಸಲು ಅನುಕೂಲ. ಬೆಂಗಳೂರಿನಲ್ಲಾದರೆ 'ನಮ್ಮ ಕ್ಲಿನಿಕ್' ಅಂತ ಬೋರ್ಡ್ ಇರುವ ಸರ್ಕಾರಿ ಕ್ಲಿನಿಕ್ ಹುಡುಕಲು ಹೇಳಿ. ಕ್ಷಯದ ಮಾತ್ರೆ ನಡೆಯುತ್ತಿರುವವರು ಊರು ಬಿಡುವ ಮುಂಚೆ ಆಸ್ಪತ್ರೆಗೆ ತಿಳಿಸಲೇಬೇಕು. ತಿಳಿಸಿದರೆ ಹೆಸರನ್ನು ಅಲ್ಲಿನ ಕೇಂದ್ರಕ್ಕೆ ವರ್ಗ ಮಾಡುತ್ತಾರೆ, ಒಂದು ದಿನದ ಮಾತ್ರೆಯೂ ತಪ್ಪುವುದಿಲ್ಲ.